ಮೂರನೆಯ ಗಡಿಗೆಯ ಕಾಡಿಗೆ

ಹೆಣ್ಣು ನೋಡಲು ಹೋದವರಿಗೆ ಅವಲಕ್ಕಿ ಸಿಗುತ್ತದೆ, ಚಹಾ ಸಿಗುತ್ತದೆ, ಅದೃಷ್ಟವಿದ್ದರೆ ಬಾಗಿಲ ಸಂದಿಯಿಂದ ಒಂದು ಓರೆನೋಟವೂ ಸಿಗುತ್ತದೆ. ನನಗೆ ಸಿಕ್ಕಿದ್ದು ಸೊನ್ನೆ.

ಫಸಲಿ ೧೩೩೮ರ, ಅಂದರೆ ಇಂಗ್ಲಿಷ್ ೧೯೨೮ರ ಸುಮಾರಿನ ಮಾತು. ನಮ್ಮ ಸೀಮೆಯಲ್ಲಿ ಆಗ ನಿಜಾಮರ ರಾಜ್ಯ. ಕಲಬುರಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕಾಗದ, ಮಸಿ, ಅರಗು ಇವುಗಳ ಪರೀಕ್ಷೆ ಮಾಡುವುದು ನನ್ನ ಕೆಲಸ. ನಾನು ಹೈದರಾಬಾದಿನಲ್ಲಿ ರಸಾಯನ ಓದಿ ಬಂದ ತಾಜಸುಲ್ತಾನಪುರದ ಒಕ್ಕಲಿನ ಮಗ. ನನ್ನ ಕೋಣೆಯಲ್ಲಿ ಹಿತ್ತಾಳೆಯ ಒಂದು ಖುರ್ದಬೀನ್ ಇತ್ತು. ಅದು ಚಿಕ್ಕದನ್ನು ದೊಡ್ಡದು ಮಾಡಿ ತೋರಿಸುವ ಯಂತ್ರ. ದಿನವೂ ಅದರ ಪಕ್ಕ ಕೂತು ಕೂತು ನಾನೂ ಸ್ವಲ್ಪ ದೊಡ್ಡವನೇ ಎಂಬ ಭ್ರಮೆ ನನಗೆ ಬಂದಿತ್ತು. ನೌಕರಿ ಮಾತ್ರ ಇನ್ನೂ ಕಚ್ಚಾ. ಅದು ಪಕ್ಕಾ ಆಗುವುದರೊಳಗೆ ನನಗೊಂದು ಮದುವೆ ಮಾಡಿಬಿಡಬೇಕೆಂದು ಸೋದರಮಾವ ಖಂಡೆಪ್ಪನವರ ಹಟ.

ಹಾಗೆ ಒಂದು ಭಾನುವಾರ ಮಾವ ಮುಂದೆ, ನಾನು ಹಿಂದೆ, ಮೋಟಾರು ಹತ್ತಿ ಕಮಲಾಪುರಕ್ಕೆ ಹೋದೆವು. ಹುಡುಗಿಯ ಹೆಸರು ಕಸ್ತೂರಿಬಾಯಿ. ತಂದೆತಾಯಿ ಪ್ಲೇಗಿನಲ್ಲಿ ಹೋದ ಮೇಲೆ ಅಜ್ಜಿ ಭೀಮಬಾಯಿ ಸಾಕಿದ್ದಾರೆ. ಮಸಿ ಮಾಡುವ ಮನೆತನ. ಇಷ್ಟನ್ನೂ ಮಾವ ದಾರಿಯುದ್ದಕ್ಕೂ ಹೇಳಿದ್ದರು. ನಾನು ಕಿಟಕಿಯಾಚೆ ನೋಡುತ್ತ ಒಂದನ್ನೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ತಟ್ಟೆಯ ತುಂಬ ಆ ಊರಿನ ಕೆಂಪು ಬಾಳೆಹಣ್ಣು. ಹುಡುಗಿ ಬಂದು ಕೂತಳು. ಹಸಿರು ಇಳಕಲ್ ಸೀರೆ, ಕಿವಿಯಲ್ಲಿ ಬುಗುಡಿ. ತೊಳೆದರೂ ಹೋಗದ ಕಪ್ಪು ಉಗುರಿನ ಅಂಚಿನಲ್ಲಿ ಉಳಿದಿತ್ತು. ನಾಚಿಕೆಯಿಂದ ತಲೆ ತಗ್ಗಿಸಿದ್ದಾಳೆ ಅಂದುಕೊಂಡೆ. ಅದು ಸಿಟ್ಟು ಎಂದು ಆಮೇಲೆ ಗೊತ್ತಾಯಿತು.

"ಅಕ್ಷರ ಬರ್ತಾವೇನವ್ವಾ?" ಮಾವ ಕೇಳಿದರು. "ನಮ್ಮ ಹುಡುಗ ಕಲ್ತಾವ ಇದ್ದಾನ. ನಿನ್ನ ಹೆಸರು ಒಂದು ಬರದು ತೋರ್ಸು."

ಅವಳು ಎದ್ದು ಹೋಗಿ ದೌತಿ, ಲೆಕ್ಕಣಿಕೆ, ಒಂದು ಹಾಳೆ ತಂದಳು. ಮಸಿಯಲ್ಲಿ ಅದ್ದಿ, ಕೈ ನಡುಗದೆ, ಹಾಳೆಯ ನಡುವೆ ದುಂಡಗೆ ಒಂದು ಸೊನ್ನೆ ಬರೆದಳು. ಹಾಳೆಯನ್ನು ಮಾವನ ಮುಂದಿಡಲಿಲ್ಲ. ನನ್ನ ಮುಂದೆ ಸರಿಸಿದಳು.

"ಇದೇನವ್ವಾ? ಹೆಸರು?" ಅಂದರು ಮಾವ.

"ದೇವೀಂದ್ರಪ್ಪ ತಾಜಸುಲ್ತಾನಪುರ ಅಂದ್ರ ನೀವೇ ಏನ್ರಿ?" ಅವಳು ನನ್ನನ್ನೇ ನೇರವಾಗಿ ನೋಡಿದಳು. "ಗುರುತು ಹತ್ತಿತೇನ್ರಿ? ನಮ್ಮ ಮಸಿಗಿ ನೀವು ಕೊಟ್ಟದ್ದು. ನಿಮಗ ತಿರುಗಿ ಕೊಟ್ಟೀನಿ."

ಭೀಮಬಾಯಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಏ ಹುಡುಗಿ! ನೋಡಾಕ ಬಂದಾವನ ಹೆಸರು ಬಾಯಾಗ ತಗೋತೀಯಲ್ಲೇ? ಗಂಡ ಆಗಾವನ ಹೆಸರು ಹೇಳಬಾರದವ್ವಾ!"

"ಗಂಡ ಆಗಾವರದ್ದು ಹೇಳಬಾರದು, ಆಯಿ. ಇವರದ್ದು ಹೇಳಬಹುದು."

ಆಮೇಲೆ ಅವಳು ಸೆರಗಿನಿಂದ ಮಡಿಚಿದ ಕಾಗದವೊಂದನ್ನು ತೆಗೆದಳು. ನಮ್ಮ ಕಚೇರಿಯದೇ. ಹನ್ನೊಂದನೆಯ ನಂಬರಿನ ಮಸಿ. ಮೇಲೆ ಕೆಂಪು ಠಸ್ಸೆ: ನಾಮಂಜೂರ್. ಕೆಳಗೆ ನನ್ನ ಅಕ್ಷರ, ನನ್ನ ಸಹಿ: 'ಕಾಡಿಗೆಯ ಕಣದ ಅಳತೆ: ಸಿಫರ್.' ಅಂದರೆ ಸೊನ್ನೆ.

ನಮಗೆ ಮಸಿ ಬರುತ್ತಿದ್ದುದು ನಂಬರು ಹಚ್ಚಿದ ಕುಡಿಕೆಗಳಲ್ಲಿ. ಯಾರ ಮನೆಯದು ಎಂಬುದು ನನಗೆ ತಿಳಿಯುವಂತಿರಲಿಲ್ಲ. ದಫ್ತರದ ಕಾಗದಗಳನ್ನು ಕಾಡಿಗೆಯ ಮಸಿಯಲ್ಲೇ ಬರೆಯಬೇಕೆಂಬುದು ಕಾಯದೆ, ಏಕೆಂದರೆ ಮುಂಬಯಿಯಿಂದ ಬರುವ ಬಣ್ಣದ ಮಸಿ ನಾಲ್ಕು ಬೇಸಿಗೆಗೆ ಮಾಸಿಹೋಗುತ್ತದೆ. ಮಸಿಯಲ್ಲಿ ಕಾಡಿಗೆಯ ಕಣ ಕಂಡರೆ ಅಸಲು, ಕಾಣದಿದ್ದರೆ ಬಣ್ಣ ಕಲಸಿದ ಖೋಟಾ. ಹನ್ನೊಂದನೆಯ ನಂಬರಿನಲ್ಲಿ ನಾನು ಎಷ್ಟು ಹೊತ್ತು ಕಣ್ಣಿಟ್ಟರೂ ಒಂದು ಕಣವೂ ಕಂಡಿರಲಿಲ್ಲ.

"ಖುರ್ದಬೀನಿನಾಗ ಏನೂ ಕಾಣಲಿಲ್ರಿ," ಅಂದೆ. ಸುಮ್ಮನಿದ್ದರೂ ಆಗುತ್ತಿತ್ತು.

"ಕಾಣದಿದ್ರ ಕಾಣಲಿಲ್ಲ ಅಂತ ಬರೀಬೇಕ್ರಿ. ಇಲ್ಲ ಅಂತ ಯಾಕ ಬರದ್ರಿ? ಆ ಸೊನ್ನಿ ನಿಮ್ಮ ಕಣ್ಣಿಂದು, ನಮ್ಮ ಮಸಿದಲ್ಲ." ಅವಳ ದನಿ ಅಲ್ಲಿ ಒಂದಿಷ್ಟು ಒಡೆಯಿತು. "ಮೂವತ್ತು ವರ್ಷ ನಮ್ಮ ಆಯಿ ಮಾಡಿದ ಮಸೀಲೆ ಈ ತಾಲೂಕಿನ ಕಾಗದ ಬರದಾರ. ಈಗ ಬಾವಿಕಟ್ಟಿಗಿ ಹೋದ್ರ ಖೋಟಾ ಮಸಿಯವರು ಬಂದ್ರು ಅಂತಾರ."

ಮಾವ ರುಮಾಲು ಸರಿಮಾಡಿಕೊಂಡು ಎದ್ದರು. "ನಡಿಯೋ ತಮ್ಮಾ. ಇದು ಕೂಡೋ ಸಂಬಂಧ ಅಲ್ಲ."

ನಾನು ಎದ್ದೆ. ಸೊನ್ನೆಯ ಹಾಳೆಯನ್ನು ಮಡಿಚಿ ಜೇಬಿನಲ್ಲಿ ಇಟ್ಟುಕೊಂಡೆ. ಹೊಸ್ತಿಲು ದಾಟುವಾಗ ಹೊರಳಿ ನೋಡಿದೆ. ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿನಲ್ಲಿ ಅಷ್ಟು ಚೆಂದ ಕಾಣುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ, ಅದು ನನ್ನ ಪುಣ್ಯವೋ ಪಾಪವೋ.

ಮರುದಿನ ಕಚೇರಿಯಲ್ಲಿ ಬಾಗಿಲು ಹಾಕಿಕೊಂಡು ಆ ಹಾಳೆಯನ್ನು ಬಿಚ್ಚಿದೆ. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ನೀರನ್ನು ಮುಂಬಯಿ ಮಸಿಯ ಗೆರೆಯ ಮೇಲೆ ಒಂದು ಹನಿ, ಅವಳ ಸೊನ್ನೆಯ ಮೇಲೆ ಒಂದು ಹನಿ ಬಿಟ್ಟೆ. ಮುಂಬಯಿ ಮಸಿ ಹಳದಿಯಾಗಿ ಮಾಯವಾಯಿತು. ಅವಳ ಸೊನ್ನೆ ಕೂದಲೆಳೆಯಷ್ಟೂ ಕದಲಲಿಲ್ಲ. ಬಣ್ಣ ಹಾರುತ್ತದೆ, ಕಾಡಿಗೆ ಹಾರುವುದಿಲ್ಲ. ಈ ಪರೀಕ್ಷೆಯನ್ನು ನಾನು ಮೊದಲೇ ಮಾಡಬಹುದಿತ್ತು. ಖುರ್ದಬೀನಿನ ಸೊಕ್ಕು, ಮಾಡಿರಲಿಲ್ಲ.

ಹಾಗಾದರೆ ಕಣಗಳು ಎಲ್ಲಿ? ಇವೆ, ಆದರೆ ನನ್ನ ಯಂತ್ರಕ್ಕೆ ಸಿಗದಷ್ಟು ಸಣ್ಣಗಿವೆ. ಅಂಗುಲವನ್ನು ಲಕ್ಷ ಪಾಲು ಮಾಡಿದರೆ ಬರುವ ಒಂದು ಪಾಲಿಗಿಂತ ಚಿಕ್ಕದು ಎಂಥ ಗಾಜಿಗೂ ಬಿಡಿಯಾಗಿ ಕಾಣದು ಎಂದು ನನ್ನ ಮೇಷ್ಟರೇ ಕಲಿಸಿದ್ದರು. ಎಲ್ಲರಿಗಿಂತ ನಯವಾದ ಮಸಿ ಮಾಡಿದವಳನ್ನೇ ನಾನು ಖೋಟಾ ಎಂದು ಬರೆದಿದ್ದೆ.

ನಮ್ಮ ಕಚೇರಿಯ ಮೇಲಧಿಕಾರಿ ಖಮರುದ್ದೀನ್ ಸಾಹೇಬರು. ಅವರ ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಗಡ್ಡ ನೀವಿಕೊಂಡು ಕೇಳಿದರು.

"ಅಂದ್ರ ಅಳತಿ ಏನು ಬರೀಲಿ?"

"ಭಾಳ ಸಣ್ಣದು ಅಂತ ಬರೀರಿ, ಸಾಹೇಬ್."

"ಭಾಳ ಸಣ್ಣದು ಅನ್ನೋದು ತಾರೀಫು ಆಯ್ತು, ಅಳತಿ ಆಗಲಿಲ್ಲ ಮಿಯಾಂ. ಈ ಅಳತಿಯ ಖಾನೆ ಫಾರಮಿನಾಗ ಹಾಕಿಸಿದವರು ಯಾರು? ನೀವೇ." ನಿಜ. ಕೆಲಸಕ್ಕೆ ಸೇರಿದ ತಿಂಗಳಲ್ಲೇ ಹುಮ್ಮಸ್ಸಿನಿಂದ ಹಾಕಿಸಿದ್ದೆ. "ಬರೋ ಸೋಮವಾರ ಈ ಕಾಗದ ಹೈದರಾಬಾದಿಗಿ ಹೋಗ್ತದ. ಅಷ್ಟರೊಳಗ ನಂಬರು ತಂದ್ರ ಬದಲಿ ಮಾಡಮು. ಇಲ್ಲಾಂದ್ರ ಸಿಫರ್ ಅಂದ್ರ ಸಿಫರ್. ಇನ್ನೊಂದು ಮಾತು. ನಿಮ್ಮ ನೌಕರಿ ಪಕ್ಕಾ ಮಾಡೋ ಕಾಗದಾನೂ ಅದೇ ಡಾಕಿನಾಗ ಅದ. ನಾನೇ ತಪ್ಪು ಬರದೆ ಅಂತ ನೀವೇ ಬರದು ಕೊಟ್ರ ಅದು ಹೋಗಲ್ಲ. ಸೋಚ್ ಲೋ."

ಯೋಚಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಜೇಬಿನಲ್ಲಿ ಆ ಹಾಳೆ ಇತ್ತಲ್ಲ. "ರಜಾ ಬೇಕು ಸಾಹೇಬ್. ಖುರ್ದಬೀನೂ ಬೇಕು," ಅಂದೆ.

ಕಮಲಾಪುರದ ಮಠದಲ್ಲಿ ಗಂಟು ಇಳಿಸಿ, ಖುರ್ದಬೀನಿನ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡು ಅವರ ಬಾಗಿಲಿಗೆ ಹೋದೆ. ಅಜ್ಜಿ ಹೊಸ್ತಿಲಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಹಿಂದೆ ಅವಳು.

"ಬರ್ರಿ, ದೇವೀಂದ್ರಪ್ಪನವರೆ," ಅಂದಳು, ಒಂದೊಂದು ಅಕ್ಷರವನ್ನೂ ಬಿಡಿಸಿ. "ಮತ್ತ ಯಾಕ ಬಂದ್ರಿ? ಇನ್ನೊಂದು ಸೊನ್ನಿ ಉಳದದೇನು?"

"ಕೊಟ್ಟದ್ದು ತಿರುಗಿ ತಗೊಂಡು ಹೋಗಾಕ ಬಂದೀನ್ರಿ. ನಿಮ್ಮ ಮಸಿ ಅಸಲು ಅದ. ಅದರ ಅಳತಿ ಹಿಡಿಯೋ ತನಕ ಈ ಊರು ಬಿಡಲ್ಲ."

"ಸೋಮವಾರದ ತನಕ ಅನ್ರಿ," ಅಂದಳು. ಕಚೇರಿಯ ಸುದ್ದಿ ನನಗಿಂತ ಮೊದಲೇ ಬಂದಿತ್ತು, ಊರಿಗೆ ಗೊತ್ತಿಲ್ಲದ್ದು ಏನಿದೆ! ಆದರೆ ದಾರಿ ಬಿಟ್ಟು ಸರಿದು ನಿಂತಳು.

ಅಡುಗೆಮನೆಯ ಹಿಂದಿನ ಕತ್ತಲೆ ಕೋಣೆಯೇ ಅವಳ ಕಾರಖಾನೆ. ಕುಸುಬಿ ಎಣ್ಣೆಯ ದೀಪ, ಅದರ ಮೇಲೆ ಬೋರಲು ಹಾಕಿದ ಗಡಿಗೆ. ಅದರಿಂದ ಮಣ್ಣಿನ ಕೊಳವೆ ಎರಡನೆಯ ಗಡಿಗೆಗೆ, ಅಲ್ಲಿಂದ ಮೂರನೆಯದಕ್ಕೆ. ದಪ್ಪ ಹೊಗೆ ಮೊದಲ ಗಡಿಗೆಯಲ್ಲೇ ಕೂರುತ್ತದೆ, ಉಳಿದದ್ದು ಎರಡನೆಯದರಲ್ಲಿ. ಅದನ್ನೂ ದಾಟಿ ತೇಲಿಹೋದ ಹೊಗೆ ಮಾತ್ರ ಮೂರನೆಯದಕ್ಕೆ ಅಂಟುತ್ತದೆ. ಮಂದಿ ಮೊದಲ ಗಡಿಗೆಯ ಕಾಡಿಗೆಯಿಂದಲೇ ಮಸಿ ಮಾಡುತ್ತಾರೆ. ಇವರದು ಮೂರನೆಯದು. ಅದನ್ನು ನವಿಲುಗರಿಯಿಂದ ಉದುರಿಸಿ, ಜಾಲಿ ಅಂಟಿನ ನೀರು ಹಾಕಿ, ಹನ್ನೊಂದು ದಿನ ಕಲ್ಲಿನಲ್ಲಿ ಅರೆಯುತ್ತಾರೆ.

"ಹನ್ನೊಂದು ದಿನ ಯಾಕ್ರಿ?" ಅಂದೆ.

"ಹತ್ತು ದಿನ ಅರದ್ರ ತಳಕ್ಕ ಕೂಡ್ತದ. ಹನ್ನೊಂದು ದಿನ ಅರದ್ರ ಕೂಡಲ್ಲ. ನಮಗ ಖುರ್ದಬೀನು ಇಲ್ಲಲ್ರಿ, ಕಾಯೋದೊಂದೇ ಗೊತ್ತು."

ಮಂಗಳವಾರ, ಬುಧವಾರ ಎರಡೂ ದಿನ ವ್ಯರ್ಥ. ಗಾಜು ಬದಲಿಸಿದೆ, ನೀರು ಬೆರೆಸಿದೆ, ಕಣ್ಣು ಕೆಂಪಾಗುವ ತನಕ ನೋಡಿದೆ. ಬರೀ ಬೂದಿಬಣ್ಣದ ನೀರು. ಬುಧವಾರ ಸಂಜೆ ಮಠಕ್ಕೆ ಹೋಗುವಾಗ ಎದುರಿಗೆ ಬಂದವರೆಲ್ಲ ನನ್ನ ಮುಖ ನೋಡಿ ನಗುತ್ತಿದ್ದರು. ಮಠದ ಕನ್ನಡಿಯಲ್ಲಿ ನೋಡಿಕೊಂಡರೆ ಬಲಗಣ್ಣಿನ ಸುತ್ತ ದುಂಡಗೆ ಕಪ್ಪು ಸೊನ್ನೆ. ಕಣ್ಣಿಡುವ ನಳಿಗೆಯ ಅಂಚಿಗೆ ಅವಳು ಕಾಡಿಗೆ ಸವರಿಟ್ಟಿದ್ದಳು.

ಮರುದಿನ ಕೇಳಿದೆ. "ಇದೇನ್ರಿ ನಿಮ್ಮ ಕೆಲಸ?"

"ನಾ ಮೊದಲ ಹೇಳಿದ್ದೆ, ಸೊನ್ನಿ ನಿಮ್ಮ ಕಣ್ಣಿಂದು ಅಂತ." ಮುಖ ಗಂಭೀರವಾಗಿಯೇ ಇತ್ತು. ಬುಗುಡಿ ಮಾತ್ರ ನಗುವಿಗೆ ಅಲುಗುತ್ತಿತ್ತು. ಅವಳದೇ ಕೆನ್ನೆಯ ಮೇಲೆ ಒಂದು ಬೆರಳಿನಷ್ಟು ಮಸಿ ಹತ್ತಿತ್ತು. ನಾನು ಹೇಳಲಿಲ್ಲ. ಅಷ್ಟು ಸೇಡು ಸಾಕು ಅನಿಸಿತು, ಮತ್ತೆ ಅದು ಅಲ್ಲಿ ಬಹಳ ಒಪ್ಪುತ್ತಿತ್ತು.

ಗುರುವಾರ ಮಧ್ಯಾಹ್ನ. ನಾನು ಸೋತು ಗೋಡೆಗೆ ಒರಗಿ ಕೂತಿದ್ದೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಕೋಣೆಯ ನಡುವೆ ಇಳಿದಿತ್ತು. ಅವಳು ಗಡಿಗೆ ಝಾಡಿಸಿದಳು. ಅದುವರೆಗೆ ಖಾಲಿಯಿದ್ದ ಬೆಳಕಿನಲ್ಲಿ ಲಕ್ಷಾಂತರ ಕಿಡಿಗಳು ಎದ್ದವು.

"ಕೋಣಿ ತುಂಬ ಧೂಳು ಅದ," ಅಂದಳು ತನ್ನಷ್ಟಕ್ಕೆ. "ಆದ್ರ ಈ ಕೋಲಿನಾಗಷ್ಟೇ ಕಾಣತದ. ಅದೂ ಬಾಜುಕ ನಿಂತ್ರ. ಬೆಳಕಿಂಡಿಗಿ ಮುಖ ಕೊಟ್ಟು ನೋಡಿದ್ರ ಕಣ್ಣು ಕತ್ತಲಿ ಬರತದ, ಅಷ್ಟೇ."

ನಾನು ಚಟ್ಟನೆ ಎದ್ದು ನಿಂತೆ. ಯಾವನೋ ಜರ್ಮನ್ ಪಂಡಿತ ಹೀಗೆಯೇ ಏನೋ ಮಾಡಿದ್ದಾನೆಂದು ಮೇಷ್ಟರು ಒಮ್ಮೆ ಹೇಳಿದ್ದರು. ನಾನು ಆ ದಿನ ತೂಕಡಿಸುತ್ತಿದ್ದೆ. ಬೆಳಕನ್ನು ಕೆಳಗಿನಿಂದ ನೇರವಾಗಿ ಕಣ್ಣಿಗೆ ಕೊಟ್ಟರೆ ಕಣ ಕಾಣದು. ಬೆಳಕನ್ನು ಪಕ್ಕದಿಂದ ಹಾಯಿಸಿ, ಕತ್ತಲೆಯ ಕಡೆಗೆ ನೋಡಬೇಕು. ಆಗ ಕಣದ ಆಕಾರ ಕಾಣದಿದ್ದರೂ ಅದು ಚೆಲ್ಲುವ ಬೆಳಕು ಕಾಣುತ್ತದೆ.

"ಕಸ್ತೂರಿಬಾಯಿ, ನೀವು ಏನು ಹೇಳಿದ್ರಿ ನಿಮಗ ಗೊತ್ತದೇನ್ರಿ?"

"ಕಸ ಹೊಡೀಬೇಕು ಅಂತ ಹೇಳಿದೆ," ಅಂದಳು ಅವಳು.

ಆ ಸಂಜೆಯೆಲ್ಲ ಕೆಲಸ. ಗಾಜಿನ ಚೂರುಗಳನ್ನು ಅರಗಿನಿಂದ ಬೆಸೆದು ಬೆರಳಗಲದ ತೊಟ್ಟಿ ಮಾಡಿದೆ. ಕ್ಷೌರದ ಎರಡು ಬ್ಲೇಡುಗಳ ನಡುವೆ ಕೂದಲೆಳೆಯ ಸಂದಿ ಬಿಟ್ಟು ತಗಡಿಗೆ ಕಟ್ಟಿದೆ. ಬಿಸಿಲನ್ನು ಅಡ್ಡ ತಿರುಗಿಸಲು ಕನ್ನಡಿ ಬೇಕಾಗಿತ್ತು. ಅವಳು ಪೆಟ್ಟಿಗೆಯ ತಳದಿಂದ ಒಂದು ಕೈಗನ್ನಡಿ ತೆಗೆದು ಕೊಟ್ಟಳು. "ನಮ್ಮ ಅವ್ವಂದು. ಒಡದ್ರ ನಿಮಗ ಈ ಸಲ ಎರಡು ಕಣ್ಣಿಗೂ ಸೊನ್ನಿ."

ಶುಕ್ರವಾರ ಸೂರ್ಯ ನೆತ್ತಿಗೆ ಬಂದ. ಅವಳು ಕನ್ನಡಿ ಹಿಡಿದಳು. ಬೆಳಕು ಮೊದಲು ನನ್ನ ಮೂಗಿನ ಮೇಲೆ ಬಿತ್ತು, ಆಮೇಲೆ ನನ್ನ ಕಿವಿಯ ಮೇಲೆ.

"ತೊಟ್ಟಿ ಇಲ್ಲಿ ಅದ್ರಿ," ಅಂದೆ.

"ಕೈ ನಡುಗಾಕತ್ತದ," ಅಂದಳು. ಸೊನ್ನೆ ಬರೆಯುವಾಗ ನಡುಗದ ಕೈ!

ಕೊನೆಗೆ ಬೆಳಕು ಸಂದಿಯಲ್ಲಿ ಹೊಕ್ಕು ನೀರನ್ನು ಸೀಳಿತು. ನಾನು ನಳಿಗೆಗೆ ಕಣ್ಣಿಟ್ಟೆ. ಕರಿಕತ್ತಲೆ. ಆ ಕತ್ತಲೆಯಲ್ಲಿ ಒಂದು ಚುಕ್ಕೆ, ಮತ್ತೊಂದು, ಮೂರು, ನಾಲ್ಕು. ಚಳಿಗಾಲದ ಆಕಾಶವನ್ನು ಯಾರೋ ಗುಬ್ಬಿಯ ಗುಟುಕಿನಷ್ಟು ನೀರಿನಲ್ಲಿ ತುಂಬಿಟ್ಟ ಹಾಗಿತ್ತು. ಸರಿದು ಅವಳಿಗೆ ಜಾಗ ಬಿಟ್ಟೆ, ಕನ್ನಡಿಯನ್ನು ಅವಳ ಕೈಯಿಂದ ತೆಗೆದುಕೊಂಡೆ. ಬೆರಳಿಗೆ ಬೆರಳು ತಾಗಿತು. ಇಬ್ಬರೂ ತಾಗಿಲ್ಲದವರ ಹಾಗೆ ಇದ್ದೆವು.

ಅವಳು ಬಾಗಿದಳು. ಬುಗುಡಿ ಹಿತ್ತಾಳೆಗೆ ತಾಗಿ ಟಿಣ್ ಅಂದಿತು. "ಅಯ್ಯ! ಕುಣ್ಯಾಕತ್ತಾವ್ರಿ!"

"ನೀರು ಒಂದೇ ಸಮ ಅವನ್ನ ತಳ್ತಿರ್ತದ. ಅಷ್ಟು ಹಗುರ ಅವ. ಅದಕ್ಕೇ ನಿಮ್ಮ ಮಸಿ ತಳಕ್ಕ ಕೂಡಲ್ಲ."

"ಇವೇನ್ರಿ ನಾವು ಅರದದ್ದು? ಇವೇನ್ರಿ ಸೊನ್ನಿ?" ಕಣ್ಣು ನಳಿಗೆಯಿಂದ ತೆಗೆಯದೆಯೇ ಕೇಳಿದಳು. ಕೆನ್ನೆಯ ಮೇಲೆ ಒಂದು ಹನಿ ಇಳಿದು, ಅಂದೂ ಅಲ್ಲಿ ಹತ್ತಿದ್ದ ಮಸಿಯನ್ನು ಗೆರೆಯಾಗಿ ಎಳೆಯಿತು.

ಭೀಮಬಾಯಿಯೂ ಬತ್ತಿ ಬಿಟ್ಟು ಬಂದು ನೋಡಿದರು. "ಕಾಡಿಗಿ ಕರ್ರಗ ಇರಬೇಕಲ್ಲೋ ಯಪ್ಪಾ, ಇವು ಬೆಳ್ಳಗ ಯಾಕ ಅವ? ತೊಳದೀ ಏನು?"

ಕಂಡದ್ದು ಸಾಕಾಗಲಿಲ್ಲ, ನಂಬರು ಬೇಕಾಗಿತ್ತು. ಉಪಾಯ ಸರಳ. ಒಂದು ಗುಂಜಿ ತೂಕದ ಕಾಡಿಗೆಯನ್ನು ಇಷ್ಟು ನೀರಿಗೆ ಬೆರೆಸಿ, ಅದರ ಒಂದು ಪಾಲನ್ನು ಮತ್ತೆ ನೀರಿಗೆ, ಹೀಗೆ ತೆಳ್ಳಗೆ ಮಾಡುತ್ತ ಹೋದೆ. ತೊಟ್ಟಿಯ ಬೆಳಕು ಬಿದ್ದ ಚೂರು ಜಾಗದಲ್ಲಿ ಎಷ್ಟು ತೂಕದ ಕಾಡಿಗೆ ಇದೆ ಎಂಬುದು ಹೀಗೆ ಗೊತ್ತಾಯಿತು. ಅಲ್ಲಿ ಎಷ್ಟು ಚುಕ್ಕೆ ಇವೆ ಎಂದು ಎಣಿಸಿಬಿಟ್ಟರೆ ಒಂದೊಂದರ ತೂಕ ಸಿಗುತ್ತದೆ, ತೂಕದಿಂದ ಗಾತ್ರ. ಆದರೆ ಚುಕ್ಕೆಗಳು ನಿಲ್ಲುವುದಿಲ್ಲ. ಒಂದು ಸಲ ನೋಡಿ, ಎಣಿಸಿ, ಕಣ್ಣು ಮುಚ್ಚಿ, ಮತ್ತೆ ನೋಡಬೇಕು. ಸಾವಿರ ಸಲ.

ನನ್ನ ಕಣ್ಣಿಗೆ ಅದು ಹತ್ತಲಿಲ್ಲ. ಎಣಿಸುವುದರೊಳಗೆ ತಪ್ಪಿಹೋಗುತ್ತಿದ್ದವು. ಮೂರನೆಯ ಗಡಿಗೆಯ ಕಾಡಿಗೆಯನ್ನು ಕಣ್ಣಳತೆಯಲ್ಲೇ ಆರಿಸಿ ಬೆಳೆದವಳಿಗೆ ಅದು ಆಟವಾಯಿತು. ಶುಕ್ರವಾರ, ಶನಿವಾರ, ಬಿಸಿಲಿದ್ದಷ್ಟು ಹೊತ್ತು ನಾನು ಕನ್ನಡಿ ಹಿಡಿದು ಬರೆದುಕೊಂಡೆ, ಅವಳು ಹೇಳಿದಳು.

"ಮೂರು. ಎರಡು. ನಾಕು. ಎರಡು. ಬೆಳಕು ಎಲ್ಲಿಗಿ ಹೋಯ್ತ್ರಿ?"

ಬೆಳಕು ಅವಳ ಕುತ್ತಿಗೆಯ ಮೇಲೆ ಹೋಗಿತ್ತು. ಕನ್ನಡಿಯನ್ನು ತಿರುಗಿಸಿ ಸರಿಮಾಡಿದೆ.

"ನೋಡೋ ಕೆಲಸ ನಂದು ರೀ. ನಿಮ್ಮದು ಬರಿಯೋದು," ಅಂದಳು, ಈ ಕಡೆ ಹೊರಳದೆ.

ಶನಿವಾರ ಇಳಿಹೊತ್ತಿಗೆ ಲೆಕ್ಕ ಮುಗಿಯಿತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಒಂದು ಅಂಗುಲವನ್ನು ಮೂರು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು. ಹಾಳೆಯನ್ನು ಅವಳ ಮುಂದೆ ಇಟ್ಟೆ. ಅವಳು ಅಂಕಿಯ ಮೇಲೆ ಬೆರಳಿಟ್ಟು ಕೇಳಿದಳು.

"ಇದನ್ನ ಬರದ್ರ, ಮೊದಲ ಬರದದ್ದು ತಪ್ಪು ಅಂತ ಆಗ್ತದಲ್ರಿ?"

"ಆಗ್ತದ. ತಪ್ಪೇ ಅದಲ್ರಿ."

"ನಿಮ್ಮ ನೌಕರಿ?"

"ಪಕ್ಕಾ ಆಗಲ್ಲ. ಹೋದ್ರೂ ಹೋಗಬಹುದು."

"ನಾ ಬ್ಯಾಡ ಅಂದ್ರ?"

"ಅಂದ್ರೂ ಬರೀತೀನ್ರಿ."

ಅವಳು ಮೊದಲ ಸಲ ಸಿಟ್ಟಿಲ್ಲದೆ ಕಣ್ಣು ತಗ್ಗಿಸಿದಳು. ನಾನು ಆ ಹೊತ್ತನ್ನು ಬಿಡಲಿಲ್ಲ. ಹೊಸ್ತಿಲಲ್ಲಿ ಅಜ್ಜಿ ತೂಕಡಿಸುತ್ತಿದ್ದರು, ಅಥವಾ ಹಾಗೆ ನಟಿಸುತ್ತಿದ್ದರು. "ಅಳತಿಗಿ ಅಂತ ಬಂದದ್ದು ಖರೇ, ಕಸ್ತೂರಿಬಾಯಿ. ಆದ್ರ ಎರಡು ದಿನದಿಂದ ಚುಕ್ಕಿ ಮುಗಿಬಾರದು ಅಂತ ಬೇಡಿಕೊಳ್ಳಾಕತ್ತೀನಿ. ನನಗ ನೀವು ಬೇಕು. ನಿಮ್ಮ ಸಿಟ್ಟೂ ಬೇಕು."

ಅವಳು ಕಣ್ಣಂಚಿನಿಂದ ನನ್ನ ಕಡೆ ಒಮ್ಮೆ ನೋಡಿದಳು. ಕಮಲಾಪುರಕ್ಕೆ ಬಂದಂದಿನಿಂದ ನಾನು ಕಾದಿದ್ದ ಓರೆನೋಟ ಅದು.

"ಮೊದಲ ಆ ಸೊನ್ನಿ ತಗೀರಿ," ಅಂದಳು. "ಆಮ್ಯಾಲ ಮಾತು."

ಸೋಮವಾರ ಮೊದಲ ಮೋಟಾರಿಗೆ ಅಜ್ಜಿ ಮೊಮ್ಮಗಳು ಕಲಬುರಗಿಗೆ ಬಂದಿಳಿದರು. ಭಾನುವಾರ ನಾನು ಲೆಕ್ಕ ತೋರಿಸಿದಾಗ ಖಮರುದ್ದೀನ್ ಸಾಹೇಬರು ಹಿಡಿದ ಹಟ ಅದು. "ಎಣಿಸಿದವರು ನನ್ನ ಎದುರಿಗಿ ಎಣಿಸ್ಲಿ. ಖೋಟಾ ಅನ್ನೋದು ನೀವು ಒಬ್ಬರೇ, ಅಸಲು ಅನ್ನೋದೂ ನೀವು ಒಬ್ಬರೇ ಅಂದ್ರ ಹ್ಯಾಂಗ ಮಿಯಾಂ?"

ನನ್ನ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ, ಒಂದೇ ತೂತು ಬಿಟ್ಟಿದ್ದೆ. ಬಿಸಿಲು ಬರುವುದನ್ನು ಕಾಯುತ್ತ ಸಾಹೇಬರು ನನ್ನನ್ನು ಯಾವುದೋ ಫೈಲು ತರಲು ಹೊರಗೆ ಕಳಿಸಿದರು. ನಾನು ಬಂದ ಮೇಲೆ ಅವಳು ನಳಿಗೆಗೆ ಕಣ್ಣಿಟ್ಟಳು.

ಒಂದು ಗಳಿಗೆ ಆಯಿತು. ಎರಡಾಯಿತು. ಅವಳು ನಳಿಗೆಯಿಂದ ಕಣ್ಣು ತೆಗೆಯಲಿಲ್ಲ.

"ಎಷ್ಟಮ್ಮಾ?" ಸಾಹೇಬರು ಕೇಳಿದರು.

"ಸೊನ್ನಿ ರೀ," ಅಂದಳು.

ನಾನು ಮೇಜಿನ ಹತ್ತಿರ ಧಾವಿಸಿದೆ. "ಸರಿಯಾಗಿ ನೋಡ್ರಿ," ಅಂದೆ.

"ಸರಿಯಾಗೇ ನೋಡೀನಿ. ದೂರ ಒಂದು ಧೂಳಿನ ಚುಕ್ಕಿ ಅದ, ಅದು ನಮ್ಮದಲ್ಲ." ತಲೆಯೆತ್ತಿ ಸಾಹೇಬರ ಕಡೆ ನೋಡಿದಳು. "ಇದರಾಗ ನಮ್ಮ ಮಸಿ ಇಲ್ರಿ. ಇದು ಬರೀ ನೀರು. ಈ ಸಲ ಸೊನ್ನಿ ಖರೇ ಅದ."

ಸಾಹೇಬರು ಗಹಗಹಿಸಿ ನಕ್ಕರು. ಮೇಜಿನ ಕೆಳಗಿಂದ ಮಸಿನೀರಿನ ಸೀಸೆಯನ್ನು ತೆಗೆದು ಮೇಲಿಟ್ಟರು. ನನ್ನನ್ನು ಹೊರಗೆ ಕಳಿಸಿ, ತೊಟ್ಟಿಗೆ ಬಟ್ಟಿಯಿಳಿಸಿದ ನೀರು ಹಾಕಿದ್ದರು. "ಇಲ್ಲದ್ದು ಇಲ್ಲ ಅನ್ನೋವರ ಮಾತು, ಅದ ಅಂದಾಗ ನಂಬಬಹುದು. ಈಗ ನಿಮ್ಮದು ಹಾಕ್ರಿ."

ಆಮೇಲೆ ಒಂದು ತಾಸು ಕ್ಲಾರ್ಕು ನಬಿಸಾಬ್ ಬರೆದುಕೊಂಡ, ಅವಳು ಎಣಿಸಿದಳು. ಲೆಕ್ಕ ಕಮಲಾಪುರದ್ದಕ್ಕೆ ಕೂಡಿಬಂತು. ಸಾಹೇಬರು ತಾವೇ ಬಾಗಿ ನೋಡಿದರು. "ಯಾ ಅಲ್ಲಾ," ಅಂದರು ಮೆಲ್ಲಗೆ. ಬಹಳ ಹೊತ್ತು ಏಳಲಿಲ್ಲ.

ರಿಜಿಸ್ಟರು ಬಂತು. ಹನ್ನೊಂದನೆಯ ನಂಬರಿನ ಮುಂದಿದ್ದ ಸಿಫರನ್ನು ಹೊಡೆದುಹಾಕಿ, ಅಂಗುಲದ ಮೂರು ಲಕ್ಷದಲ್ಲೊಂದು ಪಾಲು ಎಂದು ಬರೆದೆ. ಕೆಳಗೆ, 'ಮೊದಲಿನ ಅಳತೆ ನನ್ನ ತಪ್ಪು' ಎಂದು ಬರೆದು ಸಹಿ ಹಾಕಿದೆ. ಸಾಹೇಬರು ಟಪಾಲಿನ ಕಟ್ಟಿನಿಂದ ಒಂದು ಕಾಗದ ಎಳೆದು ಮೇಜಿನ ಖಾನೆಯೊಳಗೆ ಇಟ್ಟು ಬೀಗ ಹಾಕಿದರು. ಅದು ಯಾವ ಕಾಗದ ಎಂದು ನಾನು ಕೇಳಲಿಲ್ಲ. "ಇನ್ನೊಂದು ವರ್ಷ ಕಚ್ಚಾ," ಅಂದರು. "ನೌಕರಿ ಹೋಗಲಿಲ್ಲಲ್ಲ, ದೇವರಿಗಿ ಶುಕರ್ ಮಾಡ್ರಿ."

"ಇನ್ನೊಂದು ಸಹಿ ಬೇಕು ಸಾಹೇಬ್," ಅಂದೆ. "ಎಣಿಸಿದವರದ್ದು."

ನಬಿಸಾಬ್ ಲೆಕ್ಕಣಿಕೆ ಕೆಳಗಿಟ್ಟ. ಸಾಹೇಬರು ಹುಬ್ಬೇರಿಸಿದರು. "ಈ ರಿಜಿಸ್ಟರಿನಾಗ ಹೆಣ್ಣಮಕ್ಕಳ ಸಹಿ ಇದುವರಿಗೂ ಬಿದ್ದಿಲ್ಲ."

"ನನ್ನ ಕಣ್ಣಿಗಿ ಕಂಡದ್ದು ಸಿಫರ್, ಸಾಹೇಬ್. ಈ ನಂಬರು ಅವರ ಕಣ್ಣಿಂದು. ಅವರ ಹೆಸರು ಬರಲ್ಲ ಅಂದ್ರ ನನ್ನ ಸಹಿನೂ ಹೊಡದು ಹಾಕ್ರಿ."

ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಕಾಯದೆಯಲ್ಲಿ ಬೇಡ ಎಂದು ಎಲ್ಲೂ ಬರೆದಿಲ್ಲ ಅನ್ನುತ್ತ ರಿಜಿಸ್ಟರನ್ನು ಅವಳ ಕಡೆ ತಿರುಗಿಸಿದರು.

ಅವಳು ತನ್ನ ದೌತಿಯನ್ನೇ ತೆಗೆದಳು. ಲೆಕ್ಕಣಿಕೆ ಅದ್ದಿದಳು. ಒಂದು ವಾರದ ಹಿಂದೆ ಪಡಸಾಲೆಯಲ್ಲಿ ಕೇಳಿದಾಗ ಬರೆಯದ ಹೆಸರನ್ನು, ನನ್ನ ಹೆಸರಿನ ಪಕ್ಕ, ನಿಧಾನವಾಗಿ ಬರೆದಳು: ಕಸ್ತೂರಿಬಾಯಿ. ಮಸಿ ಆರಿದ ಮೇಲೆ ಪಕ್ಕದ ಖಾನೆಯಲ್ಲಿ ಮಂಜೂರ್ ಠಸ್ಸೆ ಬಿತ್ತು. ಭೀಮಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕಾಯದೆ ಪ್ರಕಾರ ಒಂದು ಜಾಬ್ತಾ ಉಳಿದದ," ಅಂದರು ಸಾಹೇಬರು. "ನೀವು ಎಣಿಸಿದ್ರಿ. ಅಳತಿ ಕಟ್ಟಿದವರು ಯಾರು ಅಂತ ನಿಮ್ಮ ಬಾಯಿಂದ ಹೇಳಬೇಕು. ನಬಿಸಾಬ್, ಬರಕೋ."

ಅವಳು ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

"ಹೇಳಮ್ಮಾ, ಹೆಸರು."

"ಇವರು ರೀ."

"ಇವರು ಅಂದ್ರ ಯಾರು? ಹೆಸರು ಬೇಕಲ್ಲ."

ಕಮಲಾಪುರದ ಬೀದಿಗೆಲ್ಲ ಕೇಳುವ ಹಾಗೆ ಅಕ್ಷರ ಬಿಡಿಸಿ ಬಿಡಿಸಿ ಕರೆದವಳು ಈಗ ಸೆರಗನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡುತ್ತಿದ್ದಳು. ಕಿವಿಯ ತನಕ ಕೆಂಪೇರಿತ್ತು.

"ಅಲ್ಲೇ ಬರದಾರಲ್ರಿ," ಅಂದಳು. "ಓದಿಕೊಳ್ರಿ. ನಾ ಹೇಳಬಾರದು."

ನಾನು ಭೀಮಬಾಯಿಯ ಕಡೆ ನೋಡಿದೆ. ಸಾಹೇಬರ ಮನೆಯಲ್ಲೂ ಮೂವತ್ತು ವರ್ಷದಿಂದ ಅವರ ಹೆಸರನ್ನು ಹೇಳದ ಬೇಗಂ ಇದ್ದರು. ಅವರು ಗಡ್ಡದೊಳಗೇ ನಕ್ಕು ರಿಜಿಸ್ಟರು ಮುಚ್ಚಿದರು. "ಬರಕೋ ನಬಿಸಾಬ್: ಜವಾಬು ಮಿಲಾ. ಉತ್ತರ ಸಿಕ್ಕದ."

ಭೀಮಬಾಯಿ ಮೊಣಕಾಲು ಹಿಡಿದು ಎದ್ದು ನಿಂತರು. "ನಿಮ್ಮ ಮಾವ ಖಂಡೆಪ್ಪಗ ಹೇಳಿ ಕಳಸೋ ಯಪ್ಪಾ. ಈ ಸಲ ಬಂದಾಗ ಹೆಸರು ಬರಸೋದು ಬ್ಯಾಡ. ಬರದಾಗ್ಯಾದ."

ಮೋಟಾರು ನಿಲ್ಲುವ ಕಡೆ ಅವಳ ಬುಟ್ಟಿಯನ್ನು ನಾನೇ ಹೊತ್ತುಕೊಂಡು ಹೋದೆ. ಅಜ್ಜಿ ಬೇಕೆಂದೇ ಹಿಂದೆ ಉಳಿದರು.

"ಇನ್ನ ನನ್ನ ಹೆಸರು ಒಮ್ಮೆನೂ ಹೇಳಲ್ಲೇನು?" ಅಂದೆ.

"ಮದುವಿ ದಿನ ಪದ ಕಟ್ಟಿ, ಒಡಪು ಹಾಕಿ ಹೇಳ್ತೀನಿ." ಬುಟ್ಟಿಯಿಂದ ಒಂದು ಕೆಂಪು ಬಾಳೆಹಣ್ಣು ತೆಗೆದು ನನ್ನ ಕೈಯಲ್ಲಿಟ್ಟಳು. "ಅಲ್ಲಿ ತನಕ ರೀ ಅಂದ್ರ ತಿರುಗಿ ನೋಡ್ರಿ."

"ನೀ ರೀ ಅಂದ್ರ ಇಡೀ ಕಲಬುರಗಿ ತಿರುಗತದ. ನನ್ನನ್ನೇ ಕರದೀ ಅಂತ ಹ್ಯಾಂಗ ಗೊತ್ತಾಗಬೇಕು?"

'ನೀವು' ಹೋಗಿ 'ನೀ' ಬಂದದ್ದು ಅವಳಿಗೆ ತಿಳಿಯಿತು. ಮೋಟಾರು ಹತ್ತಿ ಕೂತಳು. ಹೊರಡುವ ತನಕ ಆ ಕಡೆಯೇ ನೋಡುತ್ತಿದ್ದವಳು, ಗಾಲಿ ಉರುಳಿದಾಗ ಈ ಕಡೆ ಹೊರಳಿ ಕರೆದಳು.

"ರೀ."

ಅಲ್ಲಿದ್ದ ಹತ್ತು ಗಂಡಸರು ತಿರುಗಿ ನೋಡಿದರು. ಅವಳು ನೋಡುತ್ತಿದ್ದದ್ದು ನನ್ನನ್ನು.